ಓದುಗರ ಪ್ರಶ್ನೆ: ಕೆರೆ ಬತ್ತುವ ಕಾಲದಲ್ಲಿ ಹಕ್ಕಿ ನೋಡುವುದು

ಶಿವರಾತ್ರಿ ಕಳೆದು ಮುಂಗಾರು ಹಿಡಿಯುವವರೆಗಿನ ಕೆರೆ ಹಕ್ಕಿಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚು ಜನಕ್ಕೆ ಉಪಯೋಗವಾಗುವಂಥವನ್ನು ಈ ಸಲ ಆರಿಸಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಂದೇ ಪ್ರಶ್ನೆಯಾಗಿ ಸೇರಿಸಿದ್ದೇವೆ.

ಜನವರಿಯಲ್ಲಿ ನಮ್ಮೂರ ಕೆರೆ ತುಂಬ ಬಾತುಗಳಿದ್ದವು. ಮಾರ್ಚ್ ಮುಗಿಯುವಷ್ಟರಲ್ಲಿ ನೀರು ಅರ್ಧಕ್ಕಿಳಿಯಿತು, ಬಾತುಗಳೂ ಹೋದವು. ಇನ್ನು ಮುಂದಿನ ಚಳಿಗಾಲದವರೆಗೆ ಅಲ್ಲಿ ನೋಡಲು ಏನಾದರೂ ಇರುತ್ತದೆಯೇ? — ತಿಪಟೂರು

ಇರುತ್ತದೆ, ಮತ್ತು ಚಳಿಗಾಲಕ್ಕಿಂತ ಹತ್ತಿರದಲ್ಲಿರುತ್ತದೆ. ತುಂಬಿದ ಕೆರೆಯಲ್ಲಿ ಹಕ್ಕಿಗಳು ನಡುನೀರಿನಲ್ಲಿ ಚದುರಿರುತ್ತವೆ. ನೀರು ಇಳಿಯುತ್ತ ಹೋದಂತೆ ಮೀನು, ಹುಳು, ಬಸವನಹುಳು ಎಲ್ಲವೂ ಕಡಿಮೆ ನೀರಿಗೆ ಒತ್ತಾಗುತ್ತವೆ, ಹಸಿ ಕೆಸರು ದಿನದಿನವೂ ಹೊಸದಾಗಿ ತೆರೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ನೋಡಬೇಕಾದ್ದು ಕೆರೆಯ ನಡುವನ್ನಲ್ಲ, ನೀರೂ ಕೆಸರೂ ಸೇರುವ ಅಂಚನ್ನು. ಆ ಅಂಚು ವಾರದಿಂದ ವಾರಕ್ಕೆ ಜಾಗ ಬದಲಿಸುತ್ತದೆ, ಹಕ್ಕಿಗಳೂ ಅದರ ಹಿಂದೆಯೇ ಸರಿಯುತ್ತವೆ. ಕಳೆದ ವಾರ ಹಕ್ಕಿ ಕಂಡ ಜಾಗ ಈ ವಾರ ಒಣಗಿ ಬಿರಿದಿದ್ದರೆ ಹಕ್ಕಿ ಕೆರೆ ಬಿಟ್ಟಿತೆಂದು ತಿಳಿಯಬೇಡಿ. ನೂರು ಹೆಜ್ಜೆ ಒಳಗೆ ನೋಡಿ.

ಅಂಚಿನಲ್ಲೂ ಯಾವ ಹಕ್ಕಿ ಎಲ್ಲಿ ನಿಲ್ಲುತ್ತದೆಂಬುದನ್ನು ಕಾಲಿನ ಉದ್ದ ನಿರ್ಧರಿಸುತ್ತದೆ. ನೀರಿಲ್ಲದ ಹಸಿ ಕೆಸರಿನ ಮೇಲೆ ಗಿಡ್ಡ ಕೊಕ್ಕಿನ ಪುಟ್ಟ ಪ್ಲೋವರ್‌ಗಳು ಮತ್ತು ಸಿಪಿಲೆಗಳು, ಬೆರಳು ಮುಳುಗುವಷ್ಟು ನೀರಿನಲ್ಲಿ ಗದ್ದೆಗೊರವಗಳು (ಸ್ಯಾಂಡ್‌ಪೈಪರ್), ಗೇಣುದ್ದದ ನೀರಿನಲ್ಲಿ ಮೆಟ್ಟುಗಾಲು ಹಕ್ಕಿ, ಅದರಾಚೆ ಬಣ್ಣದ ಕೊಕ್ಕರೆ, ಚಮಚಕೊಕ್ಕಿನ ಹಕ್ಕಿ, ಕೆಂಬರಲು. ಮುಳುಗಿ ಮೇಯುವ ಗುಳುಮುಳುಕ, ನೀರುಕಾಗೆಗಳಿಗೆ ಇನ್ನೂ ಆಳ ಬೇಕು. ಅವು ಕಾಣೆಯಾದವೆಂದರೆ ಕೆರೆಯ ಆಳ ಮುಗಿಯಿತೆಂದೇ ಅರ್ಥ.

ತಿಂಗಳ ಲೆಕ್ಕದಲ್ಲಿ ಹೇಳುವುದಾದರೆ, ಫೆಬ್ರವರಿ ಮತ್ತು ಮಾರ್ಚ್ ವಲಸೆ ಬಾತುಗಳನ್ನು ಗುರುತಿಸಲು ವರ್ಷದಲ್ಲೇ ಒಳ್ಳೆಯ ಕಾಲ. ಬಿಳಿಹುಬ್ಬಿನ ಬಾತಿನ ಗಂಡು ಇಲ್ಲಿಗೆ ಬಂದಾಗ ಹೆಣ್ಣಿನ ಕಂದು ಬಣ್ಣದಲ್ಲೇ ಇರುತ್ತದೆ. ಹೊರಡುವ ಮುನ್ನ ಹುಬ್ಬಿನ ಬಿಳಿ ಪಟ್ಟೆ ಎದ್ದು ಕಾಣುತ್ತದೆ. ಏಪ್ರಿಲ್‌ನಲ್ಲಿ ಉಳಿದ ಗೊರವಗಳು ಮತ್ತು ರೀವಗಳು (ನೀರಿನ ಮೇಲೆ ಹಾರುತ್ತ ಮೇಯುವ ಟರ್ನ್ ಹಕ್ಕಿಗಳು) ಬಣ್ಣ ತಿರುಗುತ್ತವೆ: ಉದ್ದ ಕೊಕ್ಕಿನ ಗೊರವವಾದ ಗಾಡ್ವಿಟ್‌ನ ಕುತ್ತಿಗೆ ಇಟ್ಟಿಗೆ ಕೆಂಪು, ಮೀಸೆ ರೀವದ ನೆತ್ತಿ ಅಚ್ಚ ಕಪ್ಪು, ಹೊಟ್ಟೆ ಕಡು ಬೂದು. ಹಳದಿ ಸಿಪಿಲೆಯ ಗಂಡು ಹೊರಡುವ ಮುನ್ನ ಉಜ್ವಲ ಹಳದಿಯಾಗುತ್ತದೆ. ಮೇ ಮತ್ತು ಜೂನ್ ನಮ್ಮ ನೆಲದ ಹಕ್ಕಿಗಳ ಸಂಸಾರದ ತಿಂಗಳು. ವಲಸೆ ಹಕ್ಕಿಗಳಲ್ಲೂ ಆ ವರ್ಷ ಮರಿ ಮಾಡದ ಎಳೆಯವು ಕೆಲವು ಇಲ್ಲೇ ಉಳಿದುಬಿಡುತ್ತವೆ. ಗದ್ದೆಗೊರವಗಳಂತೂ ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಮರಳಿ ಬರತೊಡಗುತ್ತವೆ. ಹಾಗಾಗಿ ಮಧ್ಯದ ಬಿಡುವು ನೀವಂದುಕೊಂಡಷ್ಟು ಉದ್ದವಿಲ್ಲ.

ಏರಿಯ ಮೇಲೆ ನಿಂತರೆ ದೂರದ ಹಕ್ಕಿಗಳೆಲ್ಲ ಕಪ್ಪು ನೆರಳಾಗಿ ಕಾಣುತ್ತವೆ. ಹತ್ತಿರ ಹೋದರೆ ಹಾರಿಬಿಡುತ್ತವೆ. ಎಲ್ಲಿ, ಎಷ್ಟು ಹೊತ್ತಿಗೆ ನಿಲ್ಲಬೇಕು? — ಹಾವೇರಿ

ಸೂರ್ಯ ನಿಮ್ಮ ಬೆನ್ನಿಗಿರಬೇಕು. ಏರಿ ಪೂರ್ವಕ್ಕಿದ್ದರೆ ಬೆಳಿಗ್ಗೆ ಏರಿಯ ಮೇಲಿಂದ ನೋಡಿ, ಸಂಜೆ ಎದುರು ದಡಕ್ಕೆ ಹೋಗಿ. ಏರಿ ಪಶ್ಚಿಮಕ್ಕಿದ್ದರೆ ಇದರ ತಿರುವುಮುರುವು. ಆದರೆ ಏರಿಯ ಬುಡದಲ್ಲಿ ಕೆರೆ ಅತ್ಯಂತ ಆಳ. ಹಳ್ಳ ಬಂದು ಸೇರುವ ಕಡೆಯ ಇಳಿಜಾರು ಅಂಗಳದಲ್ಲೇ ಕೆಸರು, ಹಕ್ಕಿ ಎರಡೂ ಹೆಚ್ಚು. ಬೇಸಿಗೆಯಲ್ಲಿ ಆ ಕಡೆಯ ಒಂದು ಮರದ ನೆರಳನ್ನು ಕಾಯಂ ಜಾಗ ಮಾಡಿಕೊಳ್ಳುವುದು ಮೇಲು.

ಏರಿಯ ನೆತ್ತಿಯಲ್ಲಿ ನಿಂತವರು ಆಕಾಶಕ್ಕೆ ಎದ್ದು ಕಾಣುತ್ತಾರೆ. ನೀರಿನ ಕಡೆ ನಾಲ್ಕು ಕಲ್ಲು ಇಳಿದು ಕುಳಿತರೆ ಅದೇ ಹಕ್ಕಿ ಅಷ್ಟು ಬೇಗ ಬೆದರುವುದಿಲ್ಲ. ಹತ್ತಿರ ಹೋಗಲೇಬೇಕಿದ್ದರೆ ನೇರವಾಗಿ ನಡೆಯದೆ ಓರೆಯಾಗಿ ಹೋಗಿ. ಮೇಯುತ್ತಿದ್ದವು ತಲೆ ಎತ್ತಿದವೆಂದರೆ ಅಲ್ಲೇ ನಿಲ್ಲಿ, ಮತ್ತೆ ತಲೆ ತಗ್ಗಿಸುವವರೆಗೆ ಕದಲಬೇಡಿ. ಇದಕ್ಕಿಂತ ಒಳ್ಳೆಯ ದಾರಿ ಹಕ್ಕಿ ಬರುವ ಮುಂಚೆಯೇ ಅಲ್ಲಿ ಕುಳಿತಿರುವುದು. ದನಕರು ನೀರಿಗಿಳಿಯುವ ಕಡೆ ಹಕ್ಕಿಗಳಿಗೆ ಜನರ ಅಭ್ಯಾಸವಿರುವುದರಿಂದ ಅಲ್ಲಿ ಕೆಲಸ ಸುಲಭ.

ಹೊತ್ತಿನ ವಿಷಯ: ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 6ರಿಂದ 8.30, ಸಂಜೆ 4.30ರ ನಂತರ. ನಡುಹಗಲಿಗೆ ಕಾದ ನೆಲದಿಂದ ಬಿಸಿಗಾಳಿ ಏಳುತ್ತದೆ, ದೂರದ ಹಕ್ಕಿ ನಡುಗಿದಂತೆ ಕಾಣುತ್ತದೆ. ಇದು ಗಾಜಿನ ದೋಷವಲ್ಲ. ಹೆಚ್ಚು ದೊಡ್ಡದು ಮಾಡಿ ನೋಡಿದಷ್ಟೂ ನಡುಕವೂ ದೊಡ್ಡದಾಗುತ್ತದೆ. ಟೆಲಿಸ್ಕೋಪ್ ಇದ್ದರೆ 60 ಪಟ್ಟಿನಲ್ಲಿ ಕಣ್ಣು ನೋಯಿಸಿಕೊಳ್ಳದೆ 20 ಪಟ್ಟಿಗೆ ಇಳಿಸಿ. ಆ ಹೊತ್ತಿನಲ್ಲಿ ಕಂಡ ಕಾಲಿನ ಬಣ್ಣ, ಕೊಕ್ಕಿನ ಬಾಗು ಯಾವುದನ್ನೂ ನಂಬಿ ಬರೆದುಕೊಳ್ಳಬೇಡಿ.

ಬೈನಾಕ್ಯುಲರ್ 8×42 ಕೊಳ್ಳಬೇಕೇ, 10×50 ಕೊಳ್ಳಬೇಕೇ? ನಮ್ಮ ಮನೆಯ ಹಳೆಯದರಲ್ಲಿ ಒಂದು ಕಣ್ಣಿಗೆ ಸ್ಪಷ್ಟ, ಇನ್ನೊಂದಕ್ಕೆ ಮಸುಕು. — ಶಿರಸಿ

ಮೊದಲು ಹಳೆಯದನ್ನು ಸರಿಪಡಿಸಿ ನೋಡಿ, ಕೆಟ್ಟಿರಲಾರದು. ಎರಡೂ ಕೊಳವೆಗಳನ್ನು ಮಡಿಸುತ್ತ ಬಿಚ್ಚುತ್ತ ಎರಡು ವೃತ್ತಗಳು ಒಂದೇ ವೃತ್ತವಾಗುವಂತೆ ಮಾಡಿ. ಆಮೇಲೆ ಬಲಗಣ್ಣು ಮುಚ್ಚಿ, ದೂರದ ಒಂದು ಬರಹವನ್ನೋ ಕೊಂಬೆಯನ್ನೋ ಎಡಗಣ್ಣಿನಲ್ಲಿ ನೋಡುತ್ತ ನಡುವಿನ ಚಕ್ರವನ್ನು ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಅದೇ ವಸ್ತುವನ್ನು ಬಲಗಣ್ಣಿನಲ್ಲಿ ನೋಡುತ್ತ, ನಡುವಿನ ಚಕ್ರ ಮುಟ್ಟದೆ, ಬಲಗಡೆಯ ಕಣ್ಣುಗಾಜಿನ ಸುತ್ತಲಿನ ಬಳೆಯನ್ನಷ್ಟೇ ತಿರುಗಿಸಿ. ಸ್ಪಷ್ಟವಾದ ಜಾಗದಲ್ಲಿ ಒಂದು ಗುರುತು ಹಾಕಿಡಿ. ಬಳೆ ಜೇಬಿನಲ್ಲಿ ಉಜ್ಜಿ ತಾನಾಗಿ ಸರಿಯುತ್ತದೆ, ಮಸುಕಿಗೆ ಬಹುಪಾಲು ಅದೇ ಕಾರಣ. ಕನ್ನಡಕ ಹಾಕುವವರು ರಬ್ಬರ್ ಬಟ್ಟಲನ್ನು ಕೆಳಗಿಳಿಸಬೇಕು, ಇಲ್ಲದವರು ಮೇಲೆತ್ತಬೇಕು.

ಕೊಳ್ಳುವುದಾದರೆ 8×42. ಹತ್ತು ಪಟ್ಟಿನದು ಕೈನಡುಕವನ್ನೂ ಬಿಸಿಗಾಳಿಯ ನಡುಕವನ್ನೂ ಹಿಗ್ಗಿಸುತ್ತದೆ, 50 ಮಿ.ಮೀ. ಗಾಜು ಭಾರ. ಕೆರೆ ದೊಡ್ಡದಾಗಿದ್ದು ಸ್ಟ್ಯಾಂಡ್ ಒಯ್ಯುವವರಿಗೆ ಮಾತ್ರ 10 ಸರಿ. ಕನ್ನಡಕವಿದ್ದರೆ ಕಣ್ಣಿಗೂ ಗಾಜಿಗೂ ಕನಿಷ್ಠ 15 ಮಿ.ಮೀ. ಅಂತರ ಕೊಡುವ ಮಾದರಿಯನ್ನೇ ಕೇಳಿ, ಇಲ್ಲದಿದ್ದರೆ ನೋಟದ ಅಂಚು ಕತ್ತರಿಸಿ ಹೋಗುತ್ತದೆ.

ಹಳದಿ ಕೊಕ್ಕಿದ್ದರೆ ದೊಡ್ಡ ಬೆಳ್ಳಕ್ಕಿ, ಕಪ್ಪು ಕೊಕ್ಕಿದ್ದರೆ ಸಣ್ಣ ಬೆಳ್ಳಕ್ಕಿ ಎಂದು ಕಲಿತಿದ್ದೆವು. ಬೇಸಿಗೆಯಲ್ಲಿ ಕಪ್ಪು ಕೊಕ್ಕಿನ ದೊಡ್ಡ ಹಕ್ಕಿ ಕಾಣುತ್ತಿದೆ. ಹಾಗಾದರೆ ಕಲಿತದ್ದು ತಪ್ಪೇ? — ಮಂಡ್ಯ, ರಾಯಚೂರು

ಚಳಿಗಾಲಕ್ಕೆ ಸರಿ, ಬೇಸಿಗೆಗೆ ಸಾಲದು. ಮರಿ ಮಾಡುವ ಕಾಲ ಬಂದಾಗ ದೊಡ್ಡ ಬೆಳ್ಳಕ್ಕಿಯ ಕೊಕ್ಕೂ ಮಧ್ಯಮ ಬೆಳ್ಳಕ್ಕಿಯ ಕೊಕ್ಕೂ ಹಳದಿಯಿಂದ ಕಪ್ಪಿಗೆ ತಿರುಗುತ್ತವೆ. ತಿರುಗುವ ನಡುವಿನ ದಿನಗಳಲ್ಲಿ ಅರ್ಧ ಹಳದಿ, ಅರ್ಧ ಕಪ್ಪು ಕೊಕ್ಕುಗಳೂ ಸಿಗುತ್ತವೆ. ಆದ್ದರಿಂದ ಬಣ್ಣ ಬಿಟ್ಟು ಬದಲಾಗದ ಗುರುತುಗಳನ್ನು ಹಿಡಿಯಬೇಕು.

ಸಣ್ಣ ಬೆಳ್ಳಕ್ಕಿಯ ಕಾಲು ಕಪ್ಪು, ಪಾದ ಹಳದಿ. ಕೆಸರು ಮೆತ್ತಿದ್ದರೆ ಪಾದ ಕಾಣದು, ಹಾರುವಾಗ ನೋಡಿ. ಮಧ್ಯಮ ಮತ್ತು ದೊಡ್ಡದರ ಪಾದ ಕಪ್ಪು. ಇವೆರಡನ್ನು ಬೇರ್ಪಡಿಸುವುದು ಬಾಯಿಯ ಗೆರೆ: ಕೊಕ್ಕಿನಿಂದ ಹಿಂದಕ್ಕೆ ಓಡುವ ಆ ಗೆರೆ ದೊಡ್ಡ ಬೆಳ್ಳಕ್ಕಿಯಲ್ಲಿ ಕಣ್ಣನ್ನು ದಾಟಿ ಹಿಂದೆ ಹೋಗುತ್ತದೆ, ಮಧ್ಯಮದಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ದೂರದಿಂದಾದರೆ ಕುತ್ತಿಗೆ ನೋಡಿ. ದೊಡ್ಡದರ ಕುತ್ತಿಗೆ ಮೈಯುದ್ದಕ್ಕಿಂತ ಉದ್ದವೆನಿಸುತ್ತದೆ, ನಡುವೆ ಚೂಪಾಗಿ ಮುರಿದ ಹಾಗೆ ಮಡಿಕೆ ಇರುತ್ತದೆ. ಮಧ್ಯಮದ ತಲೆ ದುಂಡು, ಕೊಕ್ಕು ಗಿಡ್ಡ.

ಬೇಸಿಗೆಯ ಅಲಂಕಾರದ ಗರಿಗಳೂ ಸಹಾಯಕ್ಕೆ ಬರುತ್ತವೆ. ಸಣ್ಣದಕ್ಕೆ ನೆತ್ತಿಯ ಹಿಂದೆ ಎರಡು ಉದ್ದ ಗರಿ, ಜೊತೆಗೆ ಎದೆ, ಬೆನ್ನಿನಲ್ಲೂ ಎಳೆಗರಿ. ಮಧ್ಯಮಕ್ಕೆ ಎದೆ ಮತ್ತು ಬೆನ್ನಿನಲ್ಲಿ, ನೆತ್ತಿಯಲ್ಲಿಲ್ಲ. ದೊಡ್ಡದಕ್ಕೆ ಬೆನ್ನಿನಲ್ಲಷ್ಟೇ. ಗೋವಕ್ಕಿಯ ತಲೆ, ಕುತ್ತಿಗೆ, ಬೆನ್ನು ಕಿತ್ತಳೆಗೆ ತಿರುಗುವುದರಿಂದ ಬೇಸಿಗೆಯಲ್ಲಿ ಅದನ್ನು ತಪ್ಪುವಂತೆಯೇ ಇಲ್ಲ. ಒಂದೇ ಗುರುತಿನ ಮೇಲೆ ಹೆಸರು ಹೇಳಬೇಡಿ, ಎರಡಾದರೂ ಕೂಡಿಬರಲಿ.

ಕೊಳದ ಬಕ ಕಂದು ಬಣ್ಣದ್ದಲ್ಲವೇ? ಬೆನ್ನು ಕಡುಗೆಂಪಾಗಿರುವ ಬಕ ಬೇರೆ ಜಾತಿಯೇ? — ಕೋಲಾರ

ಅದೇ ಹಕ್ಕಿ, ಮರಿ ಮಾಡುವ ಕಾಲದ ಉಡುಗೆ. ಗೆರೆಗೆರೆಯ ಕಂದು ಕುತ್ತಿಗೆ ನಸುಹಳದಿಯಾಗಿ, ಬೆನ್ನು ಕಡುಗೆಂಪಾಗುತ್ತದೆ. ಹಾರಿದಾಗ ರೆಕ್ಕೆ ಎಂದಿನಂತೆ ಅಚ್ಚಬಿಳಿ. ತಾವರೆ ಎಲೆಗಳ ಮೇಲೆ ನಡೆಯುವ ದೇವನಕ್ಕಿಯೂ (ಜಕಾನಾ) ಹೀಗೆಯೇ ಮೋಸಗೊಳಿಸುತ್ತದೆ: ಚಳಿಗಾಲದಲ್ಲಿ ಮೋಟು ಬಾಲದ ಮಂಕು ಹಕ್ಕಿ, ಬೇಸಿಗೆಯಲ್ಲಿ ಉದ್ದ ಬಾಲ, ಹಿಂಗತ್ತಿಗೆ ಬಂಗಾರದ ಬಣ್ಣ. ಅದರಲ್ಲಿ ಮೊಟ್ಟೆಗೆ ಕೂರುವುದೂ ಮರಿ ನೋಡಿಕೊಳ್ಳುವುದೂ ಗಂಡು. ಹೆಣ್ಣು ಮೊಟ್ಟೆಯಿಟ್ಟು ಇನ್ನೊಂದು ಗಂಡಿನ ಕಡೆ ಹೋಗುತ್ತದೆ.

ಕೆಸರಿನಲ್ಲಿ ಓಡಾಡುವ ಸಣ್ಣ ಕಂದು ಹಕ್ಕಿಗಳನ್ನು ಬೇರ್ಪಡಿಸುವುದು ಹೇಗೆ? ಪುಸ್ತಕದಲ್ಲಿ ಎಲ್ಲವೂ ಒಂದೇ ಥರ. — ಧಾರವಾಡ

ಪುಟ್ಟ ಕೆರೆಗಳಲ್ಲಿ ಸಿಗುವ ಗದ್ದೆಗೊರವಗಳು ಮುಖ್ಯವಾಗಿ ಮೂರು. ಅವುಗಳನ್ನು ಗಟ್ಟಿ ಮಾಡಿಕೊಂಡರೆ ನಾಲ್ಕನೆಯದು ಬಂದಾಗ ತಾನಾಗಿ ಬೇರೆ ಕಾಣುತ್ತದೆ. ಹಿಂಭಾಗವನ್ನು ಬಿಡದೆ ಕುಣಿಸುತ್ತ, ಎದೆಯ ಪಕ್ಕದ ಬಿಳಿ ರೆಕ್ಕೆಯ ಮುಂದೆ ಭುಜದವರೆಗೆ ಹತ್ತಿದ್ದರೆ ಅದು ಕಾಮನ್ ಸ್ಯಾಂಡ್‌ಪೈಪರ್. ಎದ್ದರೆ ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆ ಬಿಗಿಹಿಡಿದು ಹಾರುತ್ತದೆ, ರೆಕ್ಕೆಯಲ್ಲಿ ಬಿಳಿ ಗೆರೆ ಇರುತ್ತದೆ. ಬೆನ್ನ ತುಂಬ ತಿಳಿ ಚುಕ್ಕೆ, ಕಣ್ಣಿನ ಹಿಂದಕ್ಕೂ ಚಾಚಿದ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು ಇದ್ದರೆ ವುಡ್ ಸ್ಯಾಂಡ್‌ಪೈಪರ್. ಗ್ರೀನ್ ಸ್ಯಾಂಡ್‌ಪೈಪರ್ ಇದಕ್ಕಿಂತ ಕಪ್ಪು, ಬಿಳಿ ಹುಬ್ಬು ಕಣ್ಣಿನ ಮುಂದೆ ಮಾತ್ರ. ಹಾರಿದಾಗ ರೆಕ್ಕೆಯ ಅಡಿ ಕಪ್ಪು, ಸೊಂಟ ಬಿಳಿ, ಎರಡರ ನಡುವಿನ ವ್ಯತ್ಯಾಸ ಬಹಳ ಢಾಳು. ಅದು ಗುಂಪಿಗಿಂತ ಒಂಟಿಯಾಗಿ, ಕಾಲುವೆ, ಕೋಡಿಹಳ್ಳದ ಬದಿಯಲ್ಲಿ ಸಿಗುವುದು ಹೆಚ್ಚು.

ಪ್ಲೋವರ್‌ಗಳ ಗುರುತು ಅವುಗಳ ಓಟ: ಓಡು, ನಿಲ್ಲು, ಬಾಗಿ ಕುಕ್ಕು. ಕಣ್ಣ ಸುತ್ತ ಹಳದಿ ಬಳೆಯಿದ್ದರೆ ಲಿಟಲ್ ರಿಂಗ್ಡ್. ಎದೆಪಟ್ಟಿ ನಡುವೆ ತುಂಡಾಗಿ ಕಾಲು ಕಪ್ಪಾಗಿದ್ದರೆ ಕೆಂಟಿಷ್.

ಬತ್ತಿದ ಕೆರೆಯಂಗಳದಲ್ಲಿ ಟಿಟ್ಟಿಭ ನಾಲ್ಕು ಮೊಟ್ಟೆ ಇಟ್ಟಿದೆ. ಬಿಸಿಲು ತಡೆಯಲು ಮೇಲೆ ಸೊಪ್ಪು ಮುಚ್ಚಬಹುದೇ? ಫೋಟೋ ತೆಗೆಯಲು ಎಷ್ಟು ಹತ್ತಿರ ಹೋಗಬಹುದು? — ಚಳ್ಳಕೆರೆ

ಮುಚ್ಚಬೇಡಿ. ಆ ಮೊಟ್ಟೆಗಳ ರಕ್ಷಣೆಯೆಲ್ಲ ಅವು ಸುತ್ತಲಿನ ಮಣ್ಣು, ಕಲ್ಲುಗಳಲ್ಲಿ ಬೆರೆತು ಹೋಗುವುದರಲ್ಲಿದೆ. ಸೊಪ್ಪು ಹೊದಿಸಿದರೆ ಕಾಗೆಗೆ ಜಾಗ ತೋರಿಸಿದ ಹಾಗೆ. ಬಿಸಿಲಿನ ವ್ಯವಸ್ಥೆಯನ್ನು ತಾಯಿತಂದೆಯರೇ ಮಾಡಿಕೊಂಡಿರುತ್ತವೆ. ನಡುಹಗಲಿನಲ್ಲಿ ಟಿಟ್ಟಿಭ ಮೊಟ್ಟೆಯ ಮೇಲೆ ನಿಲ್ಲುವುದು ಕಾವು ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಣಿಸುವುದೂ ಉಂಟು. ಗಂಡು ಹೆಣ್ಣು ಸರದಿಯಲ್ಲಿ ಈ ಕೆಲಸ ಮಾಡುತ್ತವೆ.

ಇದರಿಂದಲೇ ಫೋಟೋದ ಪ್ರಶ್ನೆಗೂ ಉತ್ತರ ಸಿಗುತ್ತದೆ. ನೀವು ಗೂಡಿನ ಹತ್ತಿರ ನಿಂತಷ್ಟು ಹೊತ್ತು ಹಕ್ಕಿ ತಲೆಯ ಮೇಲೆ ಕೂಗುತ್ತ ಸುತ್ತುತ್ತದೆ, ಮೊಟ್ಟೆ ಬರಿ ಬಿಸಿಲಿಗೆ ಬಿದ್ದಿರುತ್ತದೆ. ಕಾದ ನೆಲದಲ್ಲಿ ಕೆಲವು ನಿಮಿಷಗಳೂ ಒಳಗಿನ ಜೀವಕ್ಕೆ ಹೆಚ್ಚು. ಇಷ್ಟು ಮೀಟರ್ ಎಂದು ಅಳತೆ ಹೇಳಲಾಗದು, ಅಳತೆ ಹಕ್ಕಿಯದೇ. ಕೂಗು ಶುರುವಾದರೆ ನೀವು ಆಗಲೇ ತೀರ ಹತ್ತಿರ. ಹಿಂದಕ್ಕೆ ಸರಿಯಿರಿ, ಅದು ಬಂದು ಕುಳಿತ ಮೇಲೆ ಎಷ್ಟು ದೂರದಲ್ಲಿದ್ದೀರೋ ಅದೇ ನಿಮ್ಮ ಗಡಿ. ಬೆಳಿಗ್ಗೆ 9ರಿಂದ ಸಂಜೆ 4ರ ನಡುವೆ ಗೂಡಿನ ಕಡೆ ಸುಳಿಯಬೇಡಿ. ಹಕ್ಕಿಯ ಧ್ವನಿಮುದ್ರಣ ಹಾಕಿ ಕರೆಯಬೇಡಿ. ಜಾಗದ ನಕ್ಷೆಯನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ. ಗುರುತಿಗೆಂದು ಗೂಡಿನ ಪಕ್ಕ ಕೋಲು ನೆಡಬೇಡಿ, ನಾಯಿ, ಮುಂಗುಸಿ, ಮಕ್ಕಳು ಎಲ್ಲರೂ ಅದನ್ನೇ ಹಿಡಿದು ಬರುತ್ತಾರೆ. ಮೊಟ್ಟೆ ಒಡೆಯಲು ಸುಮಾರು ನಾಲ್ಕು ವಾರ ಬೇಕು. ಮರಿಗಳು ಹುಟ್ಟಿದ ದಿನವೇ ಎದ್ದು ಓಡಾಡಬಲ್ಲವು, ಅಲ್ಲಿಯವರೆಗೆ ತಾಳಿದರೆ ದೂರದಿಂದಲೇ ಒಳ್ಳೆಯ ನೋಟ ಸಿಗುತ್ತದೆ. ಮೆಟ್ಟುಗಾಲು ಹಕ್ಕಿ, ಪ್ಲೋವರ್ ಗೂಡುಗಳಿಗೂ ಇದೇ ಮಾತು. ಪ್ಲೋವರ್ ರೆಕ್ಕೆ ಮುರಿದಂತೆ ನಟಿಸುತ್ತ ನೆಲದಲ್ಲಿ ಒದ್ದಾಡಿದರೆ ಬಂದ ದಾರಿಯಲ್ಲೇ ಹಿಂದಿರುಗಿ. ಗೂಡು ನಿಮ್ಮ ಕಾಲಬುಡದಲ್ಲೇ ಇರಬಹುದು.

ನೂರಾರು ಹಕ್ಕಿಗಳಿದ್ದರೆ ಎಣಿಸುವುದು ಹೇಗೆ? ಎಣಿಸಿದ್ದನ್ನು ಏನು ಮಾಡುವುದು? — ಬಳ್ಳಾರಿ

ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ನೋಟದಲ್ಲಿ ಎಷ್ಟು ಜಾಗ ಹಿಡಿದಿವೆ ನೋಡಿಕೊಳ್ಳಿ. ಆ ಅಳತೆಯನ್ನು ಗುಂಪಿನ ಮೇಲೆ ಒಂದು ತುದಿಯಿಂದ ಸರಿಸುತ್ತ ಹೋಗಿ. ಗುಂಪು ಒಂದು ಕಡೆ ದಟ್ಟ, ಒಂದು ಕಡೆ ವಿರಳವಾಗಿದ್ದರೆ ಎರಡಕ್ಕೂ ಬೇರೆ ಅಳತೆ ಇರಲಿ. ಮತ್ತೊಂದು ತುದಿಯಿಂದ ಇನ್ನೊಮ್ಮೆ ಎಣಿಸಿ. ದೊಡ್ಡ ಗುಂಪುಗಳನ್ನು ಕಣ್ಣಂದಾಜಿನಲ್ಲಿ ಹೇಳಿದಾಗ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆಯೇ ಹೇಳುತ್ತೇವೆ. ಬೇಗ ಬೆದರುವ ಬಾತುಗಳನ್ನು ಮೊದಲು ಮುಗಿಸಿ, ಕೊಕ್ಕರೆ, ಬಕಗಳು ಕಾಯುತ್ತವೆ. ಮುಳುಗುವ ಹಕ್ಕಿಗಳನ್ನು ಮೂರು ಸಲ ಎಣಿಸಿ ಹೆಚ್ಚು ಬಂದ ಸಂಖ್ಯೆ ಬರೆಯಿರಿ.

ಹಕ್ಕಿ ಪಟ್ಟಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಹಾಕುವವರು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಸೇರಿಸಿ ಪೂರ್ಣ ಪಟ್ಟಿ ಎಂದು ಗುರುತು ಹಾಕಿ. ಕಾಗೆ, ಮೈನಾ ಬಿಟ್ಟು ವಿಶೇಷ ಹಕ್ಕಿ ಮಾತ್ರ ಬರೆದ ಪಟ್ಟಿಯಿಂದ ಯಾವ ಹಕ್ಕಿ ಇರಲಿಲ್ಲ ಎಂಬುದು ತಿಳಿಯುವುದಿಲ್ಲ. ಜೊತೆಗೆ ನೀರಿನ ಮಟ್ಟ ಬರೆದಿಡಿ. ಇದಕ್ಕೆ ಉಪಕರಣ ಬೇಡ: ತೂಬಿನ ಎಷ್ಟು ಕಲ್ಲು ನೀರಿನಿಂದ ಮೇಲಿದೆ ಎಂದು ಪ್ರತಿ ಸಲ ಎಣಿಸಿದರೆ ಸಾಕು. ಏಷ್ಯನ್ ನೀರುಹಕ್ಕಿ ಗಣತಿ 1987ರಿಂದ ನಡೆಯುತ್ತಿದೆ, ಆದರೆ ಅದು ಜನವರಿಯದು. ಬೇಸಿಗೆಯ ಸ್ಥಿತಿ ತಿಳಿಯಲು ನಿಮ್ಮಂಥವರು ವಾರಕ್ಕೊಮ್ಮೆ ಬರೆದ ಪಟ್ಟಿಯೇ ಆಧಾರ.

ಮೇ, ಜೂನ್ ರಜೆಯಲ್ಲಿ ಎಲ್ಲಿಗೆ ಹೋದರೆ ಗೂಡುಗಳನ್ನು ನೋಡಬಹುದು? — ಬೆಂಗಳೂರು

ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕಿನ ಹಕ್ಕಿಗಳಿವೆ, ಬೇಸಿಗೆಯ ಮೊದಲ ಭಾಗ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆ ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಮೇ ಆದಿಯೊಳಗೆ ಹೋಗಿ. ಭದ್ರಾ ಹಿನ್ನೀರಿನಲ್ಲಿ ನೀರು ಇಳಿದಾಗ ಎದ್ದ ನಡುಗಡ್ಡೆಗಳ ಮೇಲೆ ಹೊಳೆ ರೀವಗಳು ನೆಲದಲ್ಲೇ ಮೊಟ್ಟೆಯಿಡುತ್ತವೆ. ಅಲ್ಲಿ ದೋಣಿಯಿಂದ ಇಳಿಯಬಾರದು. ಗುಡವಿ, ಮಂಡಗದ್ದೆಗಳಿಗೆ ಮೇನಲ್ಲಿ ಹೋದರೆ ನಿರಾಶೆಯೇ, ಅವು ಮಳೆಗಾಲದ ತಾಣಗಳು.

ಏಪ್ರಿಲ್‌ನಲ್ಲಿ ಕೆರೆಯಂಚಿನಲ್ಲಿ ಕೆಲವು ಹಕ್ಕಿಗಳು ಕುತ್ತಿಗೆ ಎತ್ತಲಾರದೆ ಬಿದ್ದಿದ್ದವು, ಕೆಲವು ಸತ್ತಿದ್ದವು. ಬಿಸಿಲಿನ ಹೊಡೆತವೇ? — ವಿಜಯಪುರ

ಬಿಸಿಲೊಂದೇ ಇರಲಾರದು. ನೀವು ಹೇಳಿದ ಲಕ್ಷಣ ಬಾಟ್ಯುಲಿಸಂ ಎಂಬ ವಿಷಬಾಧೆಗೆ ಹೊಂದುತ್ತದೆ. ಇದರ ಬ್ಯಾಕ್ಟೀರಿಯಾ ಕೆರೆಯ ಕೆಸರಿನಲ್ಲಿ ಸುಪ್ತವಾಗಿರುತ್ತದೆ. ನೀರು ತೆಳುವಾಗಿ, ಕಾದು, ಆಮ್ಲಜನಕ ಕುಗ್ಗಿ, ಸತ್ತ ಮೀನು ಕೊಳೆಯತೊಡಗಿದಾಗ ಬೆಳೆದು ವಿಷ ಉಂಟುಮಾಡುತ್ತದೆ. ಕಾಲು, ರೆಕ್ಕೆ ಸೋಲುತ್ತವೆ, ಕೊನೆಗೆ ಕುತ್ತಿಗೆ ಬೀಳುತ್ತದೆ, ತೆಳು ನೀರಿನಲ್ಲೇ ಹಕ್ಕಿ ಮುಳುಗಿ ಸಾಯುತ್ತದೆ. ಸತ್ತ ಹಕ್ಕಿಯಲ್ಲಿ ಹುಟ್ಟಿದ ಹುಳುಗಳಲ್ಲಿ ವಿಷ ಸೇರಿ, ಅವನ್ನು ತಿಂದ ಹಕ್ಕಿಯೂ ಸಾಯುವುದರಿಂದ ಸಾವು ಹಬ್ಬುತ್ತ ಹೋಗುತ್ತದೆ.

ಆದರೂ ನೋಡಿ ತೀರ್ಮಾನಿಸಬಾರದು. ಹಕ್ಕಿಜ್ವರ, ಕೀಟನಾಶಕ ಎರಡೂ ಸಾಧ್ಯ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳ ಸಾವಿಗೆ ಮೀನಿನ ಮೂಲಕ ಬರುವ ದುಂಡುಹುಳು ಕಾರಣವೆಂದು ಮರಣೋತ್ತರ ಪರೀಕ್ಷೆಯಿಂದಷ್ಟೇ ತಿಳಿದದ್ದು. ಬರಿಗೈಯಲ್ಲಿ ಮುಟ್ಟದೆ, ಎಷ್ಟು, ಯಾವ ಜಾತಿ, ಯಾವ ದಿನ ಎಂದು ಬರೆದು, ಚಿತ್ರ ತೆಗೆದು ಅಂದೇ ಪಶುವೈದ್ಯ ಆಸ್ಪತ್ರೆಗೂ ವಲಯ ಅರಣ್ಯ ಕಚೇರಿಗೂ ತಿಳಿಸಿ. ಹೊಸದಾಗಿ ಸತ್ತ ಹಕ್ಕಿ ಪರೀಕ್ಷೆಗೆ ಬೇಕು, ಹಳೆಯದು ಪ್ರಯೋಜನವಿಲ್ಲ. ಮಾದರಿ ತೆಗೆದ ಮೇಲೆ ಉಳಿದ ಎಲ್ಲ ಶವಗಳನ್ನೂ ನೀರಿನಿಂದ ದೂರ ಆಳವಾಗಿ ಹೂಳಿಸುವುದು ತುರ್ತು. ಒಂದೆರಡು ಬಿಟ್ಟರೂ ಹುಳುಗಳ ಚಕ್ರ ಮುಂದುವರಿಯುತ್ತದೆ. ಬೆಳಗಿನ ಜಾವ ಮೀನುಗಳು ಮಾತ್ರ ಸತ್ತು ತೇಲಿದ್ದರೆ ಅದು ರಾತ್ರಿಯ ಆಮ್ಲಜನಕದ ಕೊರತೆ. ಆ ಮೀನುಗಳನ್ನು ಕೂಡಲೇ ಎತ್ತಿಸಿದರೆ ಮುಂದಿನ ಅನಾಹುತ ತಪ್ಪಬಹುದು.

ನಮ್ಮ ಪಂಚಾಯಿತಿ ಈ ಬೇಸಿಗೆ ಕೆರೆ ಹೂಳೆತ್ತಲಿದೆ. ರೈತರಿಗೆ ನೀರು ಬೇಕು, ವಿರೋಧಿಸುವ ಹಾಗಿಲ್ಲ. ಹಕ್ಕಿಗಳಿಗಾಗಿ ಏನು ಕೇಳಬಹುದು? — ಹೊಸದುರ್ಗ, ಸಿರಾ

ವಿರೋಧಿಸಬೇಕಾಗಿಲ್ಲ. ಹೂಳು ಸೇರಿಯೇ ಕೆರೆ ಸಾಯುವುದು. ಕೇಳಬೇಕಾದ್ದು ಎಲ್ಲಿ, ಯಾವ ಆಕಾರದಲ್ಲಿ ಅಗೆಯುತ್ತೀರಿ ಎಂದು. ಕೆರೆಯನ್ನು ಸಾರಿನ ಬಟ್ಟಲಿನಂತೆ ಸುತ್ತಲೂ ಕಡಿದಾಗಿ ಕೆತ್ತಿಬಿಟ್ಟರೆ ನೀರು ಎಷ್ಟೇ ಇಳಿಯಲಿ, ಕೆಸರಿನ ಅಂಚು ಹುಟ್ಟುವುದೇ ಇಲ್ಲ. ಈ ಪುಟಗಳಲ್ಲಿ ಹೇಳಿದ ಗೊರವ, ಪ್ಲೋವರ್, ಮೆಟ್ಟುಗಾಲು ಹಕ್ಕಿಗಳಿಗೆ ಅಂಥ ಕೆರೆಯಲ್ಲಿ ಕಾಲೂರಲು ಜಾಗವಿಲ್ಲ. ದನ ನೀರಿಗಿಳಿಯುವುದೂ ಅಪಾಯ, ಮಕ್ಕಳಿಗಂತೂ ಇನ್ನೂ ಅಪಾಯ. ಪಂಚಾಯಿತಿಗೆ ಹೇಳುವಾಗ ಇದನ್ನೇ ಮೊದಲು ಹೇಳಿ.

ಆಳ ಬೇಕಿರುವುದು ಏರಿಯ ಕಡೆ. ಅಗೆತ ಅಲ್ಲಿಗೆ ಸೀಮಿತವಾಗಲಿ, ಹಳ್ಳ ಸೇರುವ ಕಡೆಯ ಅಂಗಳವನ್ನು ಮುಟ್ಟದಿರಲಿ. ಎರಡರ ನಡುವಿನ ಇಳಿಜಾರು ಒಂದು ಮೀಟರ್ ಆಳಕ್ಕೆ ಕನಿಷ್ಠ ಹತ್ತು ಮೀಟರ್ ಉದ್ದದ್ದಾಗಲಿ. ನೀರಿನಲ್ಲಿ ನಿಂತ ಜಾಲಿ ಮರಗಳನ್ನು ಕಡಿಯುವುದು ಬೇಡ. ವಿಜಯನಗರ ಜಿಲ್ಲೆಯ ಅಂಕಸಮುದ್ರದಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಅಂಥ ಮರಗಳ ಮೇಲೇ, ಆ ಕೆರೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ಜೊಂಡು ಕೆರೆಯನ್ನೆಲ್ಲ ನುಂಗಿದ್ದರೆ ತೆಗೆಯಲಿ, ಆದರೆ ಮೂರರಲ್ಲೊಂದು ಪಾಲು ಒಂದೇ ಕಡೆ ಉಳಿಯಲಿ, ನೇರಳೆ ಜಂಬುಕೋಳಿ, ನಾಮದ ಕೋಳಿಗಳಿಗೆ ಆಸರೆ ಅದೇ. ನಡುಗಡ್ಡೆ ಮಾಡುವುದಾದರೆ ಬೇಸಿಗೆಯಲ್ಲೂ ಸುತ್ತ ನೀರು ನಿಲ್ಲುವಷ್ಟು ಆಳದ ಕಡೆ ಮಾಡಲಿ. ಇಲ್ಲದಿದ್ದರೆ ಮೇನಲ್ಲಿ ನಾಯಿಗಳು ನಡೆದೇ ಹೋಗುತ್ತವೆ. ಮೇಲೆ ಹುಲ್ಲುಹಾಸು ಬೇಡ, ಜಲ್ಲಿಮಣ್ಣು ಸಾಕು.

ಹೂಳೆತ್ತಲು ಬೇಸಿಗೆ ಬಿಟ್ಟರೆ ಬೇರೆ ಕಾಲವಿಲ್ಲ, ನೆಲದ ಗೂಡುಗಳಿಗೂ ಅದೇ ಕಾಲ. ಆದ್ದರಿಂದ ಯಂತ್ರ ಬರುವ ಹಿಂದಿನ ದಿನ ಬೆಳಿಗ್ಗೆ ಬೇಗ, ಇಬ್ಬರು ಮೂವರು ಸಾಲಾಗಿ ನಿಧಾನ ನಡೆದು ಅಂಗಳ ನೋಡಿ. ಟಿಟ್ಟಿಭ ಕೂಗಿದ ಕಡೆ ನಿಂತು ಹುಡುಕದೆ ದೂರ ಸರಿದು, ಹಕ್ಕಿ ಎಲ್ಲಿ ಬಂದು ಕೂರುತ್ತದೆ ನೋಡಿಕೊಳ್ಳಿ. ಅಂಥ ಭಾಗವನ್ನು ಕೊನೆಗೆ ಅಗೆಯುವಂತೆ ಕೆಲಸದ ಸರದಿ ಬದಲಿಸಲು ಕೇಳಿ, ಒಂದು ತಿಂಗಳು ಸಿಕ್ಕರೆ ಮರಿ ಹೊರಟಿರುತ್ತದೆ. ಇದೆಲ್ಲ ಬಾಯಿಮಾತಿನಲ್ಲಿ ಉಳಿಯುವುದಿಲ್ಲ. ಅಂದಾಜು ಪಟ್ಟಿ ತಯಾರಾಗುವ ಮುಂಚೆಯೇ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ನಕ್ಷೆಯ ಪ್ರತಿ ಇಟ್ಟುಕೊಳ್ಳಿ. ಕೆಲಸ ಶುರುವಾಗುವ ದಿನ ಮುಟ್ಟಬಾರದ ಭಾಗದ ಸುತ್ತ ಸುಣ್ಣದ ಗೆರೆ ಎಳೆದು ಯಂತ್ರದ ಚಾಲಕರಿಗೇ ತೋರಿಸಿ. ಚಾಲಕ ಬದಲಾದರೆ ಮತ್ತೆ ತೋರಿಸಿ.